ಕಟ್ಟೆಯ ಮೇಲಿನ ಚಾಡಿಕೋರ

ಶಾಂಭವಮ್ಮನವರ ಮಿಕ್ಸಿ ಹದಿನಾಲ್ಕು ವರ್ಷ ಚಟ್ನಿ ರುಬ್ಬಿ, ಒಂದು ಬೆಳಿಗ್ಗೆ ವಿಪರೀತ ಗರಗರ ಎಂದಿತು. ಅವರು ಫೋನಿನಲ್ಲಿ "ಮಿಕ್ಸಿ ಯಾಕೆ ಸದ್ದು ಮಾಡುತ್ತದೆ?" ಎಂದು ಹುಡುಕಿದರು. ಉತ್ತರಕ್ಕೆ ಮೊದಲೇ ಪರದೆಯ ತುಂಬ ಹೊಸ ಮಿಕ್ಸಿಗಳು ಬಂದು ನಿಂತವು.

ಮಿಕ್ಸಿ ಫೋನಿನತ್ತ ತಿರುಗಿತು. "ಒಂದೇ ಅಡುಗೆಕಟ್ಟೆಯ ಮೇಲೆ ಇರುವವರು ನಾವು. ಅಂಗಡಿಯವರ ಕಿವಿಗೆ ಊದಲೇಬೇಕಿತ್ತೇನಯ್ಯಾ?"

"ಊದದಿದ್ದರೆ ಇವರಿಗೆ ಪುಕ್ಕಟೆ ಅಡುಗೆ ವಿಡಿಯೊ ಎಲ್ಲಿಂದ ಬರಬೇಕು?" ಎಂದಿತು ಫೋನು. "ಕೇಳಿದ್ದನ್ನು ಮುಟ್ಟಿಸುವುದು ನನ್ನ ಧರ್ಮ. ಅದರಲ್ಲಿ ನಾನು ಮುಖ ನೋಡುವವನಲ್ಲ."

ಶಾಂಭವಮ್ಮ ಕೆಂಪು ಮಿಕ್ಸಿಯೊಂದರ ಮೇಲೆ ಬೆರಳು ಒತ್ತಿದರು. ಅಷ್ಟೊಂದು ಜಾಹೀರಾತುಗಳ ಭಾರಕ್ಕೆ ಫೋನು ಅಲ್ಲಾಡದೆ ನಿಂತುಬಿಟ್ಟಿತು. ಅವರು ಅದನ್ನು ಆರಿಸಿ, ಮತ್ತೆ ಆನ್ ಮಾಡಿ, "ಫೋನು ಯಾಕೆ ನಿಂತುಹೋಗುತ್ತದೆ?" ಎಂದು ಹುಡುಕಿದರು.

ಫೋನು ತಡವರಿಸಿತು.

"ಮುಟ್ಟಿಸಪ್ಪ, ಧರ್ಮ ಬಿಡಬೇಡ," ಎಂದಿತು ಮಿಕ್ಸಿ.

ಮುಟ್ಟಿಸಿತು. ಅದರದೇ ಮುಖದ ಮೇಲೆ ಹೊಸ ಫೋನುಗಳು ಹಲ್ಲು ಕಿರಿದವು: ಹಳೆಯದನ್ನು ಕೊಡಿ, ಹೊಸದನ್ನು ಒಯ್ಯಿರಿ. ಶಾಂಭವಮ್ಮನವರಿಗೆ ಕೆಂಪು ಮಿಕ್ಸಿ ಮರೆತೇ ಹೋಯಿತು.

ಮೂರನೆಯ ದಿನ ಹೊಸ ಫೋನು ಕಟ್ಟೆಗೆ ಬಂತು. ಅಷ್ಟರಲ್ಲಿ ಮಿಕ್ಸಿ ಸದ್ದಿಲ್ಲದೆ ರುಬ್ಬುವುದನ್ನು ಕಲಿತಿತ್ತು.