ಕಿವುಡ ಕೊಂಡ ಮೈಕು

ರಾಣೆಬೆನ್ನೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನೊಬ್ಬನಿದ್ದ. ಅವನ ಹೆಂಡತಿಗೆ ಗಂಟಲಲ್ಲಿ ಗಡ್ಡೆ. ಸೋಮವಾರ ಆಪರೇಷನ್, ಆಮೇಲೆ ದನಿ ಇರುವುದಿಲ್ಲ ಎಂದಿದ್ದರು ಡಾಕ್ಟರು. ಈಗಲೇ ಅವಳ ಮಾತು ಬರೀ ಪಿಸುಮಾತಾಗಿತ್ತು. ಅದನ್ನಾದರೂ ಮೊಬೈಲಿನಲ್ಲಿ ಹಿಡಿದಿಡೋಣ ಎಂದು ಅವನು ಚನ್ನವೀರಪ್ಪನ ಮೈಕಿನ ಅಂಗಡಿಗೆ ಹೋಗಿ, ಅಂಗಿಗೆ ಸಿಗಿಸುವ ಅಗ್ಗದ ಮೈಕನ್ನು ಹಚ್ಚಿ ತೋರಿಸಲು ಕೇಳಿದ.

"ಅದು ಕೂಗಿದ್ರೂ ಹಿಡಿಯಂಗಿಲ್ಲ. ದೊಡ್ಡದು ತಗೋ," ಎಂದ ಚನ್ನವೀರಪ್ಪ. "ಅಗ್ಗದ್ದನ್ನ ಹಚ್ಚಿ ತೋರಿಸೋ ಪದ್ಧತಿ ನಮ್ಮಲ್ಲಿಲ್ಲ."

ಗಿರಣಿಯವನು ಕಿವಿಗೆ ಕೈ ಹಿಡಿದ. "ಜೋರಾಗಿ ಹೇಳ್ರಿ, ಗಿರಣಿ ಸದ್ದಿಗೆ ಕಿವಿ ಮಂದ ಆಗ್ಯಾವ. ಸಣ್ಣದು ಕೆಲಸಕ್ಕ ಬಾರದ್ದು ಅಂತ ಒಮ್ಮೆ ತೋರಿಸಿಬಿಡ್ರಿ. ಮನಸ್ಸಿಗೆ ಸಮಾಧಾನ ಆದ್ರ ದೊಡ್ಡದನ್ನ ಒಯ್ತೀನಿ."

ಚನ್ನವೀರಪ್ಪ ಹಿಗ್ಗಿದ. ಸಣ್ಣ ಮೈಕನ್ನು ಅವನ ಮೊಬೈಲಿಗೆ ಜೋಡಿಸಿ, ರೆಕಾರ್ಡಿಂಗ್ ಹಚ್ಚಿ, ತನ್ನ ಕಾಲರಿಗೇ ಸಿಗಿಸಿಕೊಂಡ. ಕಿವುಡನ ಮುಂದೆ ಎಂಥ ಭಯ? ಪಕ್ಕದಲ್ಲಿದ್ದ ಭಾವಮೈದುನನ ಕಡೆ ಬಾಗಿ ಪಿಸುಗುಟ್ಟಿದ: "ಗೋದಾಮಿನ ಹಳೇ ದೊಡ್ಡ ಮೈಕನ್ನ ಈ ಕಿವುಡನ ತಲೆಗೆ ಕಟ್ತೀನಿ, ನೋಡು."

ಗಿರಣಿಯವನು ಮೈಕು ಕಳಚಿ, ಮೊಬೈಲು ಒತ್ತಿದ. ಪಿಸುಮಾತು ಒಂದಕ್ಷರ ಬಿಡದೆ ಅಂಗಡಿ ತುಂಬ ಕೇಳಿಸಿತು. ಗಿರಾಕಿಗಳು ಕಿಸಕ್ಕೆಂದರು. ಭಾವಮೈದುನ ಮೇಲಿನ ಫ್ಯಾನು ನೋಡತೊಡಗಿದ.

"ಕಿವಿ ಮಂದ ಅಂದ್ಯಲ್ಲೋ!"

"ನನ್ನ ಕಿವಿ ನೆಟ್ಟಗದಾವ ಸಾವಕಾರ್ರ. ಈ ಮೈಕಿನ ಕಿವಿ ಪರೀಕ್ಷೆ ಮಾಡೋದಿತ್ತು. ಇದನ್ನ ಕೊಡ್ರಿ."

ಚನ್ನವೀರಪ್ಪ ಪೊಟ್ಟಣ ಕಟ್ಟಿದ. ಆಮೇಲೆ ಮೆಲ್ಲಗೆ, "ಅದನ್ನ ಅಳಿಸಿಬಿಡಪ್ಪಾ," ಎಂದ.

"ಅಳಿಸ್ತೀನ್ರಿ," ಎಂದ ಗಿರಣಿಯವನು. "ನನ್ನ ಹೆಂಡತಿ ದನಿಗೆ ಜಾಗ ಬೇಕು."