ಬಂಡೆಯ ಮೇಲಿನ ಜೋಡು

"ಗುರುಗಳೇ, ತಲೆಯಲ್ಲಿ ನಿಲ್ಲದ ಪಾಠವನ್ನು ಪುಸ್ತಕದಲ್ಲಿ ಗಂಟು ಕಟ್ಟಿಕೊಂಡು ತಿರುಗುವವನೂ ಶಿಷ್ಯನೇ?" ಎಂದು ಚೆನ್ನವೀರ ಕೇಳಿದ.

ಒಮ್ಮೆ ಕೇಳಿದ್ದನ್ನು ಮರೆಯದವನು ಅವನು. ಅದನ್ನು ಹೇಳಿಕೊಳ್ಳುವುದನ್ನೂ ಮರೆಯುತ್ತಿರಲಿಲ್ಲ. ಜೊತೆಯ ಶಿಷ್ಯ ಸೋಮಲಿಂಗನಿಗೆ ನರದ ಕಾಯಿಲೆ, ಅದರಿಂದ ಮರೆವು. ಅವನು ಎಲ್ಲವನ್ನೂ ಬರೆದಿಡುತ್ತಿದ್ದ ಕಿರುಪುಸ್ತಕವನ್ನು ಚೆನ್ನವೀರ ಎತ್ತಿಕೊಂಡು ಬಂದಿದ್ದ. ಸೋಮಲಿಂಗ ಅದಕ್ಕಾಗಿ ಹೊರಗೆ ಜಗಲಿಯ ಮೂಲೆಮೂಲೆ ತಡಕುತ್ತಿದ್ದದ್ದು ಒಳಗೆ ಕೇಳಿಸುತ್ತಿತ್ತು.

ಗುರುಗಳು ಕತೆ ತೆಗೆದರು.

ಒಬ್ಬ ಅಂಬಿಗನಿದ್ದ. ಹುಲ್ಲು ಕೊಯ್ಯುವವರನ್ನು ಹರಿಗೋಲಿನಲ್ಲಿ ನಡುಗಡ್ಡೆಗೆ ದಾಟಿಸಿ, ಸಂಜೆಗೆ ಕರೆತರುವುದು ಅವನ ಕೆಲಸ. ಹೊಳೆಯ ಸುಳಿಗಳೆಲ್ಲ ಅವನಿಗೆ ಅಂಗೈ ಗೆರೆಯಷ್ಟು ಪರಿಚಯ. ನಲವತ್ತು ದಾಟುವ ಮೊದಲೇ ಅವನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ಬಂತು. ನರಗಳ ಹೊದಿಕೆ ಸವೆಯಿತು. ತೋಳಿನ ಬಲ ಉಳಿಯಿತು, ತಲೆಯ ಲೆಕ್ಕ ಹೋಯಿತು. ಎಷ್ಟು ಜನರನ್ನು ದಾಟಿಸಿದೆ ಎಂಬುದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮರೆವಿನವರಿಗೆ ತರಬೇತಿ ಕೊಡುವ ಹೆಣ್ಣುಮಗಳೊಬ್ಬಳು ಅವನ ಕೆಲಸದ ರೀತಿಯನ್ನು ಕೇಳಿ ತಿಳಿದುಕೊಂಡಳು. ಚಪ್ಪಲಿ ಮೆಟ್ಟಿ ಹರಿಗೋಲು ಹತ್ತಬಾರದು ಎಂಬುದು ಆ ದಡದ ಕಟ್ಟಳೆ. "ಹಾಗಿದ್ದರೆ ತಲೆಯನ್ನು ಕೇಳಲೇಬೇಡಿ ಅಣ್ಣಾ. ಎಲ್ಲರ ಜೋಡೂ ದಡದ ಒಂದೇ ಬಂಡೆಯ ಮೇಲೆ ಇಡಿಸಿ. ಸಂಜೆ ಬಂಡೆ ಬರಿದಾಗದೆ ಹರಿಗೋಲಿನ ಹಗ್ಗ ಕಟ್ಟಬೇಡಿ," ಎಂದಳು. ಅದು ಕೈಗೆ ಹತ್ತುವ ತನಕ ಮೂರು ತಿಂಗಳು ಅಭ್ಯಾಸ ಮಾಡಿಸಿದಳು. ಹುಲ್ಲಿನವರು ನಕ್ಕರು. ಹರಿಗೋಲು ಬಿಟ್ಟು ಗುಡಿ ಬಾಗಿಲಲ್ಲಿ ಚಪ್ಪಲಿ ಕಾಯಲು ಹೋಗು ಎಂದರು.

ಒಂದು ಸಂಜೆ ಅಣೆಕಟ್ಟಿನಿಂದ ನೀರು ಬಿಡುವ ಸೈರನ್ ಕೂಗಿತು. ಅಂಬಿಗ ಜನರನ್ನು ಕರೆತಂದ. ತಮ್ಮ ತಮ್ಮ ಚಪ್ಪಲಿ ಮೆಟ್ಟಿ ಅವರು ದಡ ಏರಿದರು. ಬಂಡೆಯ ಮೇಲೆ ಒಂದು ಜೋಡು ಉಳಿಯಿತು, ಹರಿದ ಬಾರಿಗೆ ಪಿನ್ನು ಹಾಕಿದ್ದು. ಯಾರದೆಂದು ಅವನಿಗೆ ನೆನಪಾಗಲಿಲ್ಲ. ಯಾರಿಗೂ ಆಗಲಿಲ್ಲ. ಹೊಳೆ ಏರುತ್ತಿತ್ತು.

ಹುಲ್ಲಿನವರಲ್ಲಿ, ನೆನಪಿನಲ್ಲಿ ಊರಿಗೇ ಮೊದಲಿಗನಾದ ಒಬ್ಬ ಯುವಕ ಮುಂದೆ ಬಂದ.

"ಬೆಳಿಗ್ಗೆ ಹೋದವರು ಹನ್ನೊಂದು, ಬಂದವರು ಹನ್ನೊಂದು. ನನ್ನಾಣೆ. ಯಾರೋ ಬಿಸಾಕಿದ ಜೋಡಿಗಾಗಿ ಜೀವ ಕೊಡ್ತೀಯೇನು ಮಾವ?" ಎಂದವನೇ ಅದನ್ನು ಕಾಲಿನಿಂದ ನೀರಿಗೆ ತಳ್ಳಲು ಹೋದ. ಅಂಬಿಗ ಅವನ ಕಾಲು ಹಿಡಿದು ತಡೆದ.

ಅದನ್ನು ಕೇಳಿ ಅಂಬಿಗನ ತಲೆಯೂ ಹನ್ನೊಂದೇ ಎಂದಿತು. ಆದರೆ ತಲೆ ಅವನಿಗೆ ಎಷ್ಟೋ ಸಲ ಕೈಕೊಟ್ಟಿತ್ತು, ಬಂಡೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅವನು ಹುಟ್ಟು ಎತ್ತಿಕೊಂಡ.

ನಡುಗಡ್ಡೆಯ ಪೊದೆಯ ಹಿಂದೆ ಮೊಣಕಾಲುದ್ದ ನೀರಿನಲ್ಲಿ, ಕಿವಿ ಕೇಳದ ಒಬ್ಬ ಮುದುಕಿ ಹುಲ್ಲಿನ ಹೊರೆ ತಬ್ಬಿ ನಿಂತಿದ್ದಳು. ನಡುಹಗಲಲ್ಲಿ ಅಂಬಿಗ ಅವಳೊಬ್ಬಳನ್ನೇ ದಾಟಿಸಿದ್ದ. ದಡ ಮುಟ್ಟಿದ ಮೇಲೆ, "ನನ್ನ ಜೋಡು ಅದಾವೇನಪ್ಪಾ?" ಎಂದು ಕೇಳಿದಳು. ಮೆಟ್ಟಿಕೊಂಡಳು. ಬಂಡೆ ಬರಿದಾಯಿತು. ಅಂಬಿಗ ಹಗ್ಗ ಕಟ್ಟಿದ.

ಚೆನ್ನವೀರ ಕೈಯಲ್ಲಿದ್ದ ಪುಸ್ತಕವನ್ನು ಅತ್ತಿತ್ತ ತಿರುವಿದ. "ಆಣೆ ಇಟ್ಟ ಆ ಯುವಕ ಏನಾದ, ಗುರುಗಳೇ?"

"ಆ ಪುಸ್ತಕವನ್ನು ಸೋಮಲಿಂಗನಿಗೆ ಕೊಟ್ಟು ಬಾ ಎಂದು ಈಗ ನಿನ್ನೆದುರು ಕೂತು ಕೇಳಿಕೊಳ್ಳುತ್ತಿದ್ದಾನೆ."