ಕಾಲುವೆ ದಾಟಿದ ಚಿಗರಿ

ಹುಲ್ಲುಗಾವಲಿನ ಚಿಗರಿ ಹಿಂಡಿಗೆ ರೋಗ ಬಡಿದು ಒಂದೇ ಮನೆತನ ಉಳಿಯಿತು. ಆಮೇಲೆ ಹುಟ್ಟಿದ ಮರಿಗಳ ಕಾಲಲ್ಲಿ ಬಲವೇ ಇರಲಿಲ್ಲ. ತನ್ನ ಎರಡನೆಯ ಮರಿಯೂ ಎದ್ದು ನಿಲ್ಲಲಾರದೆ ಸತ್ತಾಗ ನೀಲವ್ವನೆಂಬ ಚಿಗರಿ ಕಾಲುವೆಯತ್ತ ಹೊರಟಳು.

“ಎಲ್ಲಿಗೆ?” ಹಿಂಡಿನ ಯಜಮಾನ ಕೊಂಬು ಅಡ್ಡ ಹಿಡಿದ.

“ಆಚೆ ದಡದ ಹಿಂಡಿಗೆ. ಅಲ್ಲೇ ಸಂಸಾರ ಹೂಡುತ್ತೇನೆ.”

“ಬೇರೆಯವರೊಡನೆ ಬೆರೆತರೆ ನಮ್ಮ ಕುಲ ಕೆಡುತ್ತದೆ!”

“ಕೆಡಬೇಕಾದರೂ ಕುಲ ಉಳಿದಿರಬೇಕಲ್ಲ, ಯಜಮಾನರೇ? ಇಲ್ಲಿರುವ ಗಂಡುಗಳೆಲ್ಲ ನನ್ನ ಅಣ್ಣತಮ್ಮಂದಿರೇ.”

“ದಾಟಿದರೆ ಮತ್ತೆ ಇತ್ತ ಬರಬೇಡ.”

ನೀಲವ್ವ ನೀರಿಗೆ ಹಾರಿದಳು.

ಮುಂದಿನ ವರ್ಷ ಆಚೆ ದಡದಲ್ಲಿ ಅವಳಿಗೊಂದು ಮರಿ ಹುಟ್ಟಿತು. ಹುಟ್ಟಿದ ದಿನವೇ ಎದ್ದು ನಿಂತು ತಾಯಿಯ ಹಿಂದೆ ಓಡಿತು. ಈಚೆ ದಡದಿಂದ ಅದನ್ನು ಕಂಡ ಹೆಣ್ಣು ಚಿಗರಿಗಳು ಯಜಮಾನನ ಅಪ್ಪಣೆ ಕೇಳಲಿಲ್ಲ. ಒಬ್ಬೊಬ್ಬರಾಗಿ ನೀರಿಗಿಳಿದರು.